ರಿಯಾಕ್ಷನರಿಗೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ಉಡುಪಿಯಲ್ಲಿ ನಮ್ಮ ಕಾಲೇಜಿನವರು ಫ್ರೆಂಚ್ ಕ್ರಾಂತಿಯ ಬಗ್ಗೆ ಒಂದು ಪ್ರದರ್ಶನ ಇಡುತ್ತಿದ್ದೇವೆ. 1794ರಲ್ಲಿ ರೋಬೆಸ್ಪಿಯರ್ ತಲೆ ಉರುಳಿದ ಮೇಲಿನ ಕತೆಗೆ ಒಂದು ಫಲಕ. ಅದರಲ್ಲಿ ‘ರಿಯಾಕ್ಷನರಿ’ಗಳು ಬರುತ್ತಾರೆ. ‘ಸಂಪ್ರದಾಯವಾದಿಗಳು’ ಎಂದು ಬರೆದಿದ್ದೆ, ಮೇಷ್ಟ್ರು ಗೀಟು ಹಾಕಿದರು. ಫ್ಲೆಕ್ಸ್ ಅಂಗಡಿಯವರು ಆರು ಗಂಟೆಗೆ ಫೈಲ್ ಕೇಳಿದ್ದಾರೆ.

ಉತ್ತರ:
ಹಿನ್ನಡೆಗರು. ಅಚ್ಚಗನ್ನಡ, ಯಾರಿಗೂ ತಿಳಿಯುತ್ತದೆ. ಈ ಸಂಸ್ಕೃತದ ಮೂಟೆಯನ್ನು ಯಾವಾಗ ಇಳಿಸುತ್ತೀರೋ.

ಉತ್ತರ:
ಯಾರಿಗೂ ತಿಳಿಯುವುದಿಲ್ಲ. ಹಿನ್ನಡೆ ಅಂದರೆ ಮತ ಎಣಿಕೆಯ ದಿನ ಟೀವಿಯಲ್ಲಿ ಓಡುವ ಪದ, ಸೋಲುತ್ತಿರುವವರದ್ದು. ಪ್ರತಿಗಾಮಿ ಹಾಕಿ, ಪೇಪರಿನವರು ಬಳಸಿ ಬಳಸಿ ಸವೆಸಿದ್ದಾರೆ. ಮೇಷ್ಟ್ರು ಗೀಟು ಹಾಕಿದ್ದು ಸರಿಯೇ. ಸಂಪ್ರದಾಯವಾದಿ ಇದ್ದದ್ದನ್ನು ಬಿಡದವನು, ಪ್ರತಿಗಾಮಿ ಹೋದದ್ದನ್ನು ವಾಪಸ್ ತರಬೇಕು ಅನ್ನುವವನು. ಅದೂ ಅಲ್ಲದೆ ನಮ್ಮ ಕಡೆ ಯಕ್ಷಗಾನದಲ್ಲಿ ಒಬ್ಬರ ವೇಷ ಸಂಪ್ರದಾಯಬದ್ಧ ಅಂದರೆ ಅದು ಹೊಗಳಿಕೆ, ಅಲ್ವಾ? ಬೈಗುಳಕ್ಕೆ ಆ ಪದ ಆಗುವುದಿಲ್ಲ.

ಮೂಲ ಬೇಕಿದ್ದರೆ: ‘ರಿಯಾಕ್ಷನ್’ ಮೊದಲು ವಿಜ್ಞಾನದವರ ಮಾತು, ನ್ಯೂಟನ್ 1687ರಲ್ಲಿ ಹೇಳಿದ ಕ್ರಿಯೆ-ಪ್ರತಿಕ್ರಿಯೆ. ರಿಯಾಕ್ಷನರಿ ಅನ್ನುವ ಬೈಗುಳ ಹುಟ್ಟಿದ್ದು ಫ್ರೆಂಚರಲ್ಲಿ, ನಿಮ್ಮ ಫಲಕದ ಕಾಲದಲ್ಲೇ. ಅದನ್ನೇ ಹಿಂದಿಯವರು ಪ್ರತಿಕ್ರಿಯಾವಾದಿ ಮಾಡಿಕೊಂಡರು. ನಮ್ಮದು ಕ್ರಿಯೆ ಬಿಟ್ಟು ನಡಿಗೆ ಹಿಡಿಯಿತು. ಸಂಸ್ಕೃತದಲ್ಲಿ ‘ಪ್ರತಿಗಮ್’ ಅಂದರೆ ಎದುರುಹೋಗು, ಹಿಂದಿರುಗು, ಎರಡೂ.

ಉತ್ತರ:
ಪ್ರತಿದಿನದಲ್ಲೂ ‘ಪ್ರತಿ’ ಇದೆ. ಹಾಗಾದರೆ ಪ್ರತಿದಿನ ಹಿಂದಿರುಗುವ ದಿನವೋ? ಕಡ ತಂದ ಪದಕ್ಕೆ ಇದೇ ಗತಿ.

ಉತ್ತರ:
ಕಡ ತಂದದ್ದು ಬೇಡ ಅಂದರೆ ಮೊದಲು ಪೋರ್ಚುಗೀಸರ ಚಾವಿ ವಾಪಸ್ ಕೊಡಿ, ಪಗಾರವನ್ನೂ. ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಲ್ಲೇ ಅಚ್ಚಾಯಿತು. ತೆರೆದು ಎಷ್ಟು ಪದ ಕಡ ತಂದದ್ದು ಅಂತ ಒಂದೇ ಒಂದು ಪುಟ ಎಣಿಸಿ. ಹಳೆಯ ಕಲಬೆರಕೆಯಿಲ್ಲದ ಕನ್ನಡ ವಾಪಸ್ ಬರಬೇಕು ಅನ್ನುವವರಿಗೆ ಏನನ್ನಬೇಕು ಅಂತ ಮೇಲೆಯೇ ಬರೆದಿದ್ದೇನೆ.

ಉತ್ತರ:
ಸುಮ್ನೆ ಕೆಣಕಬೇಡಿ.

ಉತ್ತರ:
ಕೇಳಿದ್ದು ನಾನು. ‘ಪ್ರತಿಗಾಮಿಗಳು’ ಎಂದೇ ಕಳಿಸಿದೆ, ಇಬ್ಬರಿಗೂ ಥ್ಯಾಂಕ್ಸ್. ಅಂಗಡಿಯಿಂದ ಪ್ರೂಫ್ ಬಂತು. ಫಾಂಟು ಕೈಕೊಟ್ಟು ರ ಒತ್ತು ನುಂಗಿದೆ, ದಪ್ಪ ಕೆಂಪು ಅಕ್ಷರದಲ್ಲಿ ‘ಪತಿಗಾಮಿಗಳು’. ಫೋನ್ ಮಾಡಿದರೆ ಎತ್ತುತ್ತಿಲ್ಲ, ಸ್ಕೂಟರ್ ತೆಗೆಯುತ್ತಿದ್ದೇನೆ.