ಜೆಲ್ಡಾದ ಎರಡನೇ ಕ್ವೆಸ್ಟ್: ಮಜಾನೋ, ತಲೆನೋವೋ?

ಪ್ರಶ್ನೆ (ಕೌಲ್‌ಬಜಾರ್, ಬಳ್ಳಾರಿ):
1986ರ ಹಳೇ ಜೆಲ್ಡಾ ವಿಡಿಯೋ ಗೇಮ್ ಮುಗಿಸಿ ಕಾಲು ಚಾಚಿ ಕುಂತಿದ್ದೆ, ಎರಡನೇ ಕ್ವೆಸ್ಟ್ ಅಂತ ಆಟ ಮತ್ತ ಶುರುವಾತು! ಮ್ಯಾಲಿನ ನಕ್ಷೆ ಅದೇ, ಆದ್ರ ಗುಹೆಗಳು ಜಾಗ ಬದಲಿಸ್ಯಾವು. ಒಂದು ಕೋಣ್ಯಾಗ ಅರ್ಧ ತಾಸು ಸಿಕ್ಕೊಂಡೆ. ಬಾಂಬ್ ಇಟ್ರೂ ಗೋಡೆ ಒಡೀಲಿಲ್ಲ. ಸಿಟ್ಟಿಗೆ ಬಟನ್ ಒತ್ತಿ ಹಿಡಿದ್ರ ಆಟದ ನಾಯಕ ಲಿಂಕ್ ಗೋಡೆಯೊಳಗೇ ತೂರಿ ಆ ಕಡೆ ಹೋದ. ಇದಕ್ಕ ಜಾಣತನ ಅಂತಾರೇನ್ರಿ? ಹೊರಗ ನಮ್ಮೂರ ಬಿಸಲು, ಒಳಗ ಇದು.

ಉತ್ತರ 1 (ರಾಯಚೂರು):
ಅಣ್ಣ, ಬಾಯಿಪಾಠ ಮಾಡಿದ್ದು ಕೆಲಸಕ್ಕ ಬರಂಗಿಲ್ಲಲ್ಲ, ಅದೇ ಮಜಾ. ಅಂದಂಗ, ಆಟ ಶುರು ಮಾಡುವಾಗ ಹೆಸರಿನ ಜಾಗದಾಗ ಜೆಲ್ಡಾ ಅಂತ ಹಾಕಿದ್ರ ನೇರ ಎರಡನೇದೇ ಶುರುವಾಗ್ತದ.

ಉತ್ತರ 2 (ಗಂಗಾವತಿ):
ಒಕಾರಿನಾ ಅಂತ ಇನ್ನೊಂದು ಜೆಲ್ಡಾ ಆಟ ಐತಿ, ಅದರ ಒಗಟು ಬದಲಿಸಿದ ಆವೃತ್ತಿ ಮಾಸ್ಟರ್ ಕ್ವೆಸ್ಟ್ ಆಡ್ರಿ. ಮೀನಿನ ಹೊಟ್ಟ್ಯಾಗ ಗೋಡೆಗೆ ಆಕಳು ಸಿಗಿಸ್ಯಾರ, ಕವಣಿಲೆ ಹೊಡೆದ್ರ ಅದೇ ಸ್ವಿಚ್ಚು! 2011ರ ತ್ರೀಡಿಎಸ್ (ಕೈಯಾಗ ಹಿಡಿದು ಆಡೋ ಗೇಮ್ ಯಂತ್ರ) ಆವೃತ್ತಿಯಾಗ ಎಡ-ಬಲ ಅದಲುಬದಲು, ಪೆಟ್ಟು ದುಪ್ಪಟ್ಟು. ಒಗಟು ಬದಲಿಸಿದ್ರ ನಂಗ ಸೈ. ಬರೇ ಪೆಟ್ಟು ಹೆಚ್ಚು ಮಾಡೋದು ಮಿರ್ಚಿ ಮ್ಯಾಲೆ ಖಾರಪುಡಿ ಉದುರಿಸಿದಂಗ.

ಪ್ರಶ್ನೆ ಕೇಳಿದವರು:
ಹೆಸರಿನ ಉಪಾಯ ಮೊದಲೇ ಹೇಳಬಾರದಿತ್ತೇನೋ ತಮ್ಮಾ, ಒಂಬತ್ತೂ ಗುಹೆ ಮುಗಿಸಿ ಕುಂತೀನಿ! ಆಕಳ ಮಾತು ಖರೇನ? ರಾತ್ರಿ ಕರೆಂಟ್ ಇದ್ರ ನೋಡ್ತೀನಿ.