ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಯೋನಿಯ ಶುಷ್ಕತೆ, ಮೂತ್ರದ ಉರಿ ಏಕೆ?

ಪ್ರಶ್ನೆ
ನನಗೆ 34 ವರ್ಷ. ಅಂಡಾಶಯಗಳು ಅಕಾಲದಲ್ಲಿ ಕ್ಷೀಣಿಸಿವೆ ಎಂದು ಕಳೆದ ವರ್ಷ ತಿಳಿದುಬಂದಿತು. ಅಂದಿನಿಂದ ಹಾರ್ಮೋನ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ. ಮೈ ಬಿಸಿಯೇರುವುದೂ ರಾತ್ರಿ ಬೆವರುವುದೂ ನಿಂತಿವೆ. ಆದರೆ ಯೋನಿ ಒಣಗಿ ಸಂಭೋಗದ ವೇಳೆ ತುಂಬಾ ನೋವಾಗುತ್ತದೆ, ಮೂತ್ರ ಮಾಡುವಾಗ ಉರಿಯುತ್ತದೆ. ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಆಸೆಯೂ ಕುಂದಿದೆ, ಇದನ್ನು ಪತಿ ನನ್ನ ಪ್ರೀತಿಯ ಕೊರತೆ ಎಂದು ತಿಳಿದಾರೇನೋ ಎಂಬ ಆತಂಕವಿದೆ.

ಉತ್ತರ 1
ನಿಮ್ಮ ತೊಂದರೆಗೆ ದೈಹಿಕ ಕಾರಣವಿದೆ, ಚಿಕಿತ್ಸೆಯೂ ಇದೆ. ಯೋನಿಯ ಒಳಪದರವನ್ನು ದಪ್ಪವಾಗಿ, ತೇವವಾಗಿ, ಹಿಗ್ಗುವಂತೆ ಇಡುವುದು ಅಂಡಾಶಯ ತಯಾರಿಸುವ ಈಸ್ಟ್ರೊಜೆನ್ ಹಾರ್ಮೋನ್. ಅದು ಕುಸಿದಾಗ ಪದರ ತೆಳುವಾಗುತ್ತದೆ, ಉಪಕಾರಿ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ ಆಮ್ಲೀಯತೆ ತಗ್ಗುತ್ತದೆ. ಮೂತ್ರನಾಳದ ಅಂಗಾಂಶವೂ ಇದೇ ಹಾರ್ಮೋನನ್ನು ಅವಲಂಬಿಸಿರುವುದರಿಂದ ಸೋಂಕಿಲ್ಲದೆಯೂ ಉರಿ ಬರಬಹುದು. ಬೆವರುವಿಕೆಯನ್ನು ನಿಲ್ಲಿಸಲು ಸಾಲುವ ಮಾತ್ರೆ ಯೋನಿಗೆ ಸಾಲದೆ ಇರುವುದು ಸಾಮಾನ್ಯ. ಆದ್ದರಿಂದ ಮಾತ್ರೆಯ ಜೊತೆಗೆ ಯೋನಿಯೊಳಗೆ ಬಳಸುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಕ್ರೀಮ್ ಅಥವಾ ಮಾತ್ರೆ ಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿರಿ. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಸಾಮಾನ್ಯವಾಗಿ ಮೊದಲ 2 ವಾರ ಪ್ರತಿದಿನ, ಅನಂತರ ವಾರಕ್ಕೆ 2 ಬಾರಿ ಬಳಸಲು ಹೇಳುತ್ತಾರೆ. ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳೇ ಬೇಕಾಗುವುದರಿಂದ ಬೇಗನೆ ಕೈಬಿಡಬೇಡಿ. ಮೂಳೆ ಮತ್ತು ಹೃದಯದ ರಕ್ಷಣೆಗಾಗಿ, ಬೇರೆ ಅಡ್ಡಿಗಳಿಲ್ಲದಿದ್ದರೆ, ಈಗಿನ ಮಾತ್ರೆಗಳನ್ನು ಸಹಜ ಋತುಬಂಧದ ವಯಸ್ಸಿನವರೆಗೆ, ಅಂದರೆ ಸುಮಾರು 50ರವರೆಗೆ, ಮುಂದುವರಿಸುವುದು ವಾಡಿಕೆ.

ಉತ್ತರ 2
ವಾರಕ್ಕೆ ಹಲವು ಬಾರಿ ಹಚ್ಚುವ ಯೋನಿ ಮಾಯಿಶ್ಚರೈಸರ್ ಬೇರೆ, ಸಂಭೋಗದ ಹೊತ್ತಿಗಷ್ಟೇ ಬಳಸುವ ಲೂಬ್ರಿಕೆಂಟ್ ಬೇರೆ; ಎರಡೂ ಉಪಯುಕ್ತ. ಲ್ಯಾಟೆಕ್ಸ್ ಕಾಂಡೋಮ್ ಬಳಸುವವರು ಎಣ್ಣೆಯ ಅಂಶವಿರುವುದನ್ನು ತಪ್ಪಿಸಬೇಕು. ಒಳಗೆ ಸೋಪು ಹಾಕಿ ತೊಳೆಯುವುದು ಬೇಡ. ನೋವಿನ ನಿರೀಕ್ಷೆಯಿಂದಲೇ ಶ್ರೋಣಿಯ ಸ್ನಾಯುಗಳು ಬಿಗಿಯಾಗಿ ನೋವು ಇನ್ನಷ್ಟು ಹೆಚ್ಚುತ್ತದೆ. ಅದಕ್ಕೆ ಈ ವಿಷಯದಲ್ಲಿ ಪರಿಣತರಾದ ಫಿಸಿಯೊಥೆರಪಿಸ್ಟ್ ನೆರವಾಗಬಲ್ಲರು. ನೋವು ಪದೇ ಪದೇ ಆದಾಗ ಆಸೆ ಹಿಂದೆಗೆಯುವುದು ಸಹಜ. ಇದನ್ನು ಪತಿಗೆ ನೀವೇ ಬಿಡಿಸಿ ಹೇಳಿರಿ, ಸಾಧ್ಯವಾದರೆ ವೈದ್ಯರ ಬಳಿ ಇಬ್ಬರೂ ಹೋಗಿರಿ. ನೋವು ತಗ್ಗಿದ ಮೇಲೂ ಆಸೆ ಮರಳದಿದ್ದರೆ ಅದನ್ನು ಪ್ರತ್ಯೇಕವಾಗಿ ಚರ್ಚಿಸಬೇಕು, ಏಕೆಂದರೆ ಲೈಂಗಿಕ ಆಸೆಗೆ ನೆರವಾಗುವ ಟೆಸ್ಟೊಸ್ಟೆರಾನ್ ಹಾರ್ಮೋನಿನ ಒಂದು ಪಾಲು ಅಂಡಾಶಯದಿಂದಲೇ ಬರುತ್ತದೆ.

ಮತ್ತೊಬ್ಬರ ಪ್ರಶ್ನೆ
ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ನನಗೂ ಹೀಗಾಗಿದೆ. ಆ ಕ್ರೀಮನ್ನು ನಾನು ಬಳಸಬಹುದೇ?

ಉತ್ತರ 1
ನಿಮ್ಮ ವಿಷಯದಲ್ಲಿ ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಮತ್ತು ಲೂಬ್ರಿಕೆಂಟ್‌ಗಳೇ ಮೊದಲ ಆಯ್ಕೆ. ಅವು ಸಾಲದಿದ್ದರೆ ನಿಮ್ಮ ಕ್ಯಾನ್ಸರ್ ತಜ್ಞರನ್ನು ಕೇಳದೆ ಈಸ್ಟ್ರೊಜೆನ್ ಬಳಸಬೇಡಿ. ದೇಹದಲ್ಲಿ ಈಸ್ಟ್ರೊಜೆನ್ ತಯಾರಿಸುವ ಅರೊಮಾಟೇಸ್ ಎಂಬ ಕಿಣ್ವವನ್ನು ತಡೆಯುವ ಔಷಧಿ ನಡೆಯುತ್ತಿದ್ದರೆ ಈ ಎಚ್ಚರ ಇನ್ನೂ ಹೆಚ್ಚಿರಲಿ.