ಸಹಾಯ ಬೇಕು: ಮೂಕಿ ಚಿತ್ರಕ್ಕೆ ಹಾರ್ಮೋನಿಯಂ ನುಡಿಸುವವರು ಇದ್ದೀರಾ?

ನಮಸ್ಕಾರ. ಕೃಷ್ಣ ಜನ್ಮಾಷ್ಟಮಿಗೆ ಮೈಸೂರಿನ ನಮ್ಮ ಬಡಾವಣೆಯ ಮಕ್ಕಳಿಗೆ ದಾದಾಸಾಹೇಬ್ ಫಾಲ್ಕೆಯವರ 1919ರ ‘ಕಾಳಿಯ ಮರ್ದನ’ ತೋರಿಸಬೇಕು ಅಂತಿದ್ದೇವೆ. ಕೃಷ್ಣನ ಪಾತ್ರ ಮಾಡಿರುವುದು ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ! ಶುರುವಿನಲ್ಲೇ ತೆರೆ ತುಂಬಾ ಅವಳ ಮುಖ. ಒಂದೊಂದೇ ಭಾವ ಬದಲಾಗುತ್ತಾ ಹೋಗುತ್ತದೆ. ಆಮೇಲೆ ನೀರಿನೊಳಗೆ ಹಾವಿನ ಜೊತೆ ಕುಸ್ತಿ. ಕಥೆ ಮೊದಲೇ ಗೊತ್ತಿದ್ದರಿಂದ ಆಗಿನ ಜನಕ್ಕೆ ಮಾತೇ ಬೇಕಿರಲಿಲ್ಲ. ಫಾಲ್ಕೆಯವರದೇ 1913ರ ‘ರಾಜಾ ಹರಿಶ್ಚಂದ್ರ’ಕ್ಕೂ ಅದೇ ಅನುಕೂಲ, ಅಲ್ವಾ?

ಆಗ ತೆರೆಯ ಪಕ್ಕ ಕೂತು ಹಾರ್ಮೋನಿಯಂ, ತಬಲಾ ನುಡಿಸುತ್ತಿದ್ದರು. ನನ್ನ ಹತ್ತಿರ ಇರುವ ಪ್ರತಿಯಲ್ಲಿ ಸದ್ದೇ ಇಲ್ಲ. ಹೀಗೇ ಹಾಕಿದರೆ ಮಕ್ಕಳು ಹತ್ತು ನಿಮಿಷಕ್ಕೆ ಎದ್ದು ಓಡುತ್ತಾರೆ. ನಡುವೆ ಬರುವ ಬರಹವನ್ನು ಕನ್ನಡದಲ್ಲಿ ನಾನೇ ಓದುತ್ತೇನೆ. ನುಡಿಸಲು ಯಾರಾದರೂ ಬರ್ತೀರಾ? ಹಾವಿನ ಜಾಗಕ್ಕೆ ಹಾವಾಡಿಗರ ಪುಂಗಿಯನ್ನು ನೆನಪಿಸುವ ಪುನ್ನಾಗವರಾಳಿ ರಾಗ ಜಾಸ್ತಿ ಆಯ್ತಾ, ಅದನ್ನೂ ಹೇಳಿ. ಊಟ ನಮ್ಮ ಮನೆಯಲ್ಲೇ.